ನೆಟ್‌ವರ್ಕ್ ಹೋದರೂ ಜಿಪಿಎಸ್ ಹೋಗಲ್ಲ: ಕಾರಿಗೆ ದಾರಿ ತೋರಿಸುವ ಸಾಧನ ಕೊಳ್ಳುವ ಮುಂಚೆ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೀರಿ. ಜೋರು ಮಳೆ. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ಅಷ್ಟರಲ್ಲಿ ಫೋನಿನ ಮ್ಯಾಪ್ ಬೂದು ಬಣ್ಣಕ್ಕೆ ತಿರುಗುತ್ತದೆ. ರಸ್ತೆ ಇಲ್ಲ, ಊರಿನ ಹೆಸರಿಲ್ಲ. ಪಕ್ಕದಲ್ಲಿ ಕೂತವರು "ಅಯ್ಯೋ, ಜಿಪಿಎಸ್ ಹೋಯ್ತು" ಎನ್ನುತ್ತಾರೆ.

ಆ ಸ್ಕ್ರೀನನ್ನು ಇನ್ನೊಮ್ಮೆ ನೋಡಿ. ಬೂದು ಬಣ್ಣದ ಮೇಲೆ ನಿಮ್ಮ ನೀಲಿ ಚುಕ್ಕೆ ಇನ್ನೂ ಮುಂದಕ್ಕೆ ಸರಿಯುತ್ತಲೇ ಇರುತ್ತದೆ. ಜಿಪಿಎಸ್ ತನ್ನ ಕೆಲಸ ಮಾಡುತ್ತಲೇ ಇದೆ. ಹೋಗಿರುವುದು ನಕ್ಷೆ.

ಕಾರಿಗೆಂದು ಬೇರೆಯದೇ ಸಾಧನ ತಗೊಳ್ಳಬೇಕಾ, ಯಾವುದು ತಗೊಳ್ಳಬೇಕು ಎಂದು ಯೋಚಿಸುವವರಿಗೆ ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಉಪಗ್ರಹ ಹೇಳುವುದು ನೀವು ಎಲ್ಲಿದ್ದೀರಿ ಎಂದು ಮಾತ್ರ. ದಾರಿ ಹೇಳುವುದು ನಕ್ಷೆ. ಸಾಧನದ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಮೊದಲನೆಯದು. ನೀವು ಪರೀಕ್ಷಿಸಿ ನೋಡಬೇಕಾದದ್ದು ಎರಡನೆಯದು.

ಆಕಾಶದಿಂದ ಬರುವುದು ಏನು?

ಜಿಪಿಎಸ್ ಅಂದರೆ ಗ್ಲೋಬಲ್ ಪೊಸಿಷನಿಂಗ್ ಸಿಸ್ಟಮ್. ಅಮೆರಿಕ ಸರ್ಕಾರ ನಡೆಸುವ ಉಪಗ್ರಹಗಳ ಗುಂಪು ಇದು. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ 30ರ ಆಸುಪಾಸು ಉಪಗ್ರಹಗಳು ದಿನಕ್ಕೆ ಎರಡು ಸಲ ನಮ್ಮನ್ನು ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. ಅವು ಬಿಡುವಿಲ್ಲದೆ ಸಾರುವುದು ಇಷ್ಟೇ: ನಾನು ಇಂಥ ಉಪಗ್ರಹ, ಇಂಥ ಜಾಗದಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಈಗ ಸಮಯ ಇಷ್ಟು.

ಇದರಿಂದ ನಮ್ಮ ಜಾಗ ಹೇಗೆ ಗೊತ್ತಾಗುತ್ತದೆ? ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಚಿಕ್ಕಂದಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದ್ದು ನೆನಪಿದೆಯಾ? ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಶಬ್ದ ತಡವಾದಷ್ಟೂ ಸಿಡಿಲು ದೂರ. ಇಲ್ಲೂ ಅದೇ ಲೆಕ್ಕ. ಉಪಗ್ರಹ ಸಂಕೇತ ಕಳಿಸಿದ ಹೊತ್ತಿಗೂ ಅದು ನಮಗೆ ತಲುಪಿದ ಹೊತ್ತಿಗೂ ಇರುವ ಅಂತರದಿಂದ ದೂರ ಸಿಗುತ್ತದೆ. ಆದರೆ ಈ ಸಂಕೇತ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲಿ ಬರುತ್ತದೆ. ಉಪಗ್ರಹ ನೆತ್ತಿಯ ಮೇಲಿದ್ದರೆ ನಮ್ಮನ್ನು ತಲುಪಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ಸಮಯದ ಲೆಕ್ಕ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಜಾಗ 300 ಮೀಟರ್ ತಪ್ಪುತ್ತದೆ. ಪರಮಾಣು ಗಡಿಯಾರ ಬೇಕಾಗುವುದು ಇದಕ್ಕೇ.

ಮೂರು ಉಪಗ್ರಹಗಳಿಂದ ದೂರ ಗೊತ್ತಾದರೆ ಜಾಗ ಸಿಗಬೇಕು, ಅಲ್ವಾ? ಸಿಗುತ್ತದೆ, ನಿಮ್ಮ ಕೈಯಲ್ಲೂ ಅಂಥದ್ದೇ ಗಡಿಯಾರ ಇದ್ದರೆ. ಕಾರಿನ ಸಾಧನದಲ್ಲಿ ಇರುವುದು ಅಗ್ಗದ ಗಡಿಯಾರ. ಅದರ ತಪ್ಪನ್ನು ಸರಿಪಡಿಸಿಕೊಳ್ಳಲು ನಾಲ್ಕನೇ ಉಪಗ್ರಹ ಬೇಕು. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನ್ ಕೂಡ 5 ಮೀಟರ್ ಆಸುಪಾಸಿನ ನಿಖರತೆ ಕೊಡುತ್ತದೆ. ಮೊದಲೆಲ್ಲ ಹೀಗಿರಲಿಲ್ಲ. ಸಾಮಾನ್ಯ ಜನರ ಬಳಕೆಗೆ ಬರುವ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸುತ್ತಿತ್ತು. 100 ಮೀಟರ್‌ವರೆಗೂ ತಪ್ಪು ಬರುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಕಾರಿನಲ್ಲಿ "ಮುಂದೆ ಎಡಕ್ಕೆ ತಿರುಗಿ" ಎಂದು ಹೇಳಿಸಿಕೊಳ್ಳುವುದು ನಿಜವಾಗಿ ಉಪಯೋಗಕ್ಕೆ ಬಂದದ್ದು ಆಮೇಲೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಈ ಸಾಧನ ರೇಡಿಯೊ ಇದ್ದ ಹಾಗೆ, ಬರೀ ಕೇಳಿಸಿಕೊಳ್ಳುತ್ತದೆ. ನೀವು ವಾರ್ತೆ ಕೇಳುತ್ತಿದ್ದೀರಿ ಎಂದು ಆಕಾಶವಾಣಿಗೆ ಹೇಗೆ ಗೊತ್ತಾಗುವುದಿಲ್ಲವೋ, ಹಾಗೆ ನೀವು ಎಲ್ಲಿದ್ದೀರಿ ಎಂದು ಉಪಗ್ರಹಕ್ಕೂ ಗೊತ್ತಾಗುವುದಿಲ್ಲ. ಜಾಗ ತಿಳಿಯಲು ಸಿಮ್ ಬೇಡ, ಇಂಟರ್ನೆಟ್ ಬೇಡ, ತಿಂಗಳ ಬಾಡಿಗೆಯೂ ಇಲ್ಲ. ಆದರೆ ನೀವು ನಿಂತ ಜಾಗದಲ್ಲಿ ರಸ್ತೆ ಇದೆಯೋ, ಅಡಿಕೆ ತೋಟ ಇದೆಯೋ ಎನ್ನುವುದೂ ಉಪಗ್ರಹಕ್ಕೆ ಗೊತ್ತಿಲ್ಲ.

ಹಾಸನಕ್ಕೂ ಬ್ಯಾಲಾಳಿಗೂ ಇರುವ ನಂಟು

ಜಿಪಿಎಸ್ ಎನ್ನುವುದು ಈಗ ಎಲ್ಲದಕ್ಕೂ ಅಂಟಿಕೊಂಡ ಹೆಸರಾಗಿದೆ. ನಿಜಕ್ಕೂ ಇಂಥ ವ್ಯವಸ್ಥೆಗಳು ಹಲವು ಇವೆ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ, ನಮ್ಮ ನಾವಿಕ್. ಇಸ್ರೋ ಕಟ್ಟಿದ ನಾವಿಕ್ ಭಾರತ ಮತ್ತು ಸುತ್ತಲಿನ ಸುಮಾರು 1,500 ಕಿ.ಮೀ. ಪ್ರದೇಶಕ್ಕೆಂದು ಮಾಡಿದ್ದು. ಇದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಈ ಉಪಗ್ರಹಗಳನ್ನು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ನಿಯಂತ್ರಿಸುತ್ತಾರೆ. ಇಸ್ರೋದ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹೊರಗಿನ ಬ್ಯಾಲಾಳಿನಲ್ಲಿ.

ಕೊಳ್ಳುವವರಿಗೆ ಇದರಿಂದ ಏನು? ಸಾಧನ ಎಷ್ಟು ಬಗೆಯ ಉಪಗ್ರಹಗಳನ್ನು ಕೇಳಿಸಿಕೊಳ್ಳುತ್ತದೋ ಅಷ್ಟು ಒಳ್ಳೆಯದು. ಚಾರ್ಮಾಡಿಯ ಬಂಡೆಗಳ ನಡುವೆಯೋ, ಆಗುಂಬೆಯ ದಟ್ಟ ಮರಗಳ ಕೆಳಗೋ ಆಕಾಶದ ಒಂದು ತುಂಡು ಮಾತ್ರ ಕಾಣುತ್ತದೆ. ಆ ತುಂಡಿನಲ್ಲಿ ಜಿಪಿಎಸ್‌ನ ಎರಡೇ ಉಪಗ್ರಹ ಇದ್ದರೂ, ಗೆಲಿಲಿಯೊದ ಒಂದು, ಗ್ಲೋನಾಸ್‌ನ ಎರಡು ಸಿಕ್ಕರೆ ಲೆಕ್ಕ ಕೂಡಿ ಬರುತ್ತದೆ. ಆದರೆ ನಾವಿಕ್ ಇದೆ ಎನ್ನುವ ಒಂದೇ ಕಾರಣಕ್ಕೆ ಸಾಧನ ಆರಿಸಬೇಡಿ. ಹಳೆಯ ಉಪಗ್ರಹಗಳಲ್ಲಿ ಹಲವು ಗಡಿಯಾರಗಳು ಕೆಟ್ಟವು. ನಮ್ಮದೇ ಗಡಿಯಾರ ಹೊತ್ತ ಹೊಸ ತಲೆಮಾರಿನ ಎನ್‌ವಿಎಸ್-01 2023ರ ಮೇ 29ರಂದು ಹೋಯಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆ ತಲುಪಲಿಲ್ಲ. ನಾವಿಕ್ ಗಟ್ಟಿಯಾಗಲಿ ಎಂದು ಮನಸಾರೆ ಹಾರೈಸುವವನು ನಾನು. ಆದರೂ ಇವತ್ತಿಗೆ ಅದು ಉಳಿದವುಗಳ ಜೊತೆಗಿದ್ದರೆ ಚೆಂದ.

ನಗರದಲ್ಲಿ ತೊಂದರೆ ಬೇರೆ. ಎತ್ತರದ ಗಾಜಿನ ಕಟ್ಟಡಗಳಿಗೆ ಸಂಕೇತ ಬಡಿದು, ತಿರುಗಿ ನಮಗೆ ಬರುತ್ತದೆ. ಬೆಟ್ಟಕ್ಕೆ ಬಡಿದ ಕೂಗು ಮಾರ್ದನಿಯಾಗಿ ತಡವಾಗಿ ಕೇಳಿಸುವ ಹಾಗೆ. ಸಾಧನ ಅದನ್ನು ಜಾಸ್ತಿ ದೂರ ಎಂದು ಲೆಕ್ಕ ಹಾಕಿ ನಿಮ್ಮನ್ನು ಪಕ್ಕದ ರಸ್ತೆಯಲ್ಲಿ ತೋರಿಸುತ್ತದೆ. ಎತ್ತರ ಅಳೆಯುವುದರಲ್ಲಿ ಜಿಪಿಎಸ್ ಇನ್ನೂ ದುರ್ಬಲ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಲ್ಲಿ ನೀವಿದ್ದೀರೋ, ಕೆಳಗಿನ ಹೊಸೂರು ರಸ್ತೆಯಲ್ಲಿದ್ದೀರೋ ಎಂದು ಅದು ಗೊಂದಲಕ್ಕೆ ಬೀಳುವುದು ಇದರಿಂದ. ದುಬಾರಿ ಸಾಧನ ತಗೊಂಡರೂ ಈ ಕಷ್ಟ ಪೂರ್ತಿ ಹೋಗುವುದಿಲ್ಲ.

"ಕಾರ್ ಜಿಪಿಎಸ್" ಎಂದು ಕೇಳಿದರೆ ಸಿಗುವುದು

ಇಲ್ಲಿ ಎಚ್ಚರ ಬೇಕು. ಆನ್‌ಲೈನ್ ಅಂಗಡಿಯಲ್ಲಿ ಹೀಗೆ ಹುಡುಕಿದರೆ ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಬರುತ್ತವೆ. ಸಾವಿರ, ಎರಡು ಸಾವಿರ ರೂಪಾಯಿಯ ಪುಟ್ಟ ಪೆಟ್ಟಿಗೆಗಳು ಬಹುಪಾಲು ಟ್ರ್ಯಾಕರ್‌ಗಳು. ಕಾರು ಎಲ್ಲಿದೆ ಎಂದು ನಿಮ್ಮ ಫೋನಿಗೆ ತಿಳಿಸುವುದು ಅವುಗಳ ಕೆಲಸ. ಅದಕ್ಕೆ ಸಿಮ್ ಬೇಕು. ನಿಮಗೆ ದಾರಿ ತೋರಿಸುವುದಿಲ್ಲ. ಇನ್ನೊಂದು, ಡ್ಯಾಶ್‌ಬೋರ್ಡಿಗೆ ಕೂರಿಸುವ ಆಂಡ್ರಾಯ್ಡ್ ಸ್ಟೀರಿಯೊ. ಅದು ದಾರಿ ತೋರಿಸುತ್ತದೆ, ಆದರೆ ಬಿಚ್ಚಿ ಇನ್ನೊಂದು ಕಾರಿಗೆ ಹಾಕುವಂಥದ್ದಲ್ಲ. ನಾವು ಇಲ್ಲಿ ಮಾತಾಡುತ್ತಿರುವುದು ಮುಂದಿನ ಗಾಜಿಗೆ ಅಂಟಿಸಿ, ಬೇಕಾದಾಗ ತೆಗೆದು ಚೀಲಕ್ಕೆ ಹಾಕಿಕೊಳ್ಳುವ ನ್ಯಾವಿಗೇಟರ್ ಬಗ್ಗೆ. ಗಾರ್ಮಿನ್, ಟಾಮ್‌ಟಾಮ್ ಈ ಸಾಲಿನ ಹಳೆಯ ಹೆಸರುಗಳು. ನಮ್ಮ ದೇಶದಲ್ಲಿ ಮ್ಯಾಪ್‌ಮೈಇಂಡಿಯಾ ಇಂಥ ಸಾಧನ ಮಾರುತ್ತಿತ್ತು.

ಫೋನ್ ಇರುವಾಗ ಇದೆಲ್ಲ ಬೇಕಾ?

ಹೆಚ್ಚಿನವರಿಗೆ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. 2009ರಲ್ಲಿ ಗೂಗಲ್ ತನ್ನ ಮ್ಯಾಪಿಗೆ ತಿರುವು ತಿರುವಿಗೂ ದಾರಿ ಹೇಳುವ ಸೌಲಭ್ಯ ಸೇರಿಸಿದ ಮೇಲೆ ಬೇರೆ ಸಾಧನಗಳ ಮಾರಾಟ ಎಲ್ಲೆಡೆ ಕುಸಿಯಿತು. ಟ್ರಾಫಿಕ್ ವಿಷಯದಲ್ಲಂತೂ ಫೋನೇ ಮುಂದು. ಸಾವಿರಾರು ಜನರ ಫೋನುಗಳು ಸಿಲ್ಕ್ ಬೋರ್ಡ್ ಹತ್ತಿರ ಆಮೆ ವೇಗದಲ್ಲಿ ಸರಿಯುತ್ತಿವೆ ಎಂದರೆ ಅಲ್ಲಿ ಜಾಮ್ ಇದೆ ಎಂದರ್ಥ. ಆ ಮಾಹಿತಿ ಇಂಟರ್ನೆಟ್ ಮೂಲಕವೇ ಬರಬೇಕು. ಬೇರೆ ಸಾಧನ ಕೊಂಡರೂ ಟ್ರಾಫಿಕ್ ತಿಳಿಯಲು ಸಾಮಾನ್ಯವಾಗಿ ಅದನ್ನು ಬ್ಲೂಟೂತ್‌ನಲ್ಲಿ ಫೋನಿಗೇ ಜೋಡಿಸಬೇಕಾಗುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆಗೂ ಫೋನಿನಲ್ಲಿ ಉಪಾಯ ಇದೆ. ಗೂಗಲ್ ಮ್ಯಾಪಿನಲ್ಲಿ ಬೇಕಾದ ಪ್ರದೇಶವನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಬಹುದು. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್ಎಂಆ್ಯಂಡ್ ಎಂಬ ಆ್ಯಪ್‌ಗಳು ಇಂಟರ್ನೆಟ್ ಇಲ್ಲದೆ ಓಡಲೆಂದೇ ಮಾಡಿದವು. ಶಿರಾಡಿಯ ಬೂದು ಸ್ಕ್ರೀನಿಗೆ ಇಷ್ಟು ಸಾಕು.

ಹಾಗಾದರೆ ಬೇರೆ ಸಾಧನ ಯಾರಿಗೆ? ಬಿಸಿಲಿನ ನಾಡಿನಲ್ಲಿ ದಿನವಿಡೀ ಕಾರು ಓಡಿಸುವವರಿಗೆ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಕಲಬುರಗಿಯ ಮೇ ತಿಂಗಳಿನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಗಾಜಿಗೆ ಅಂಟಿದ ಫೋನ್ ಮಂಕಾಗುವುದು, ಆಮೇಲೆ ತಾನಾಗಿ ಆಫ್ ಆಗುವುದು ಸಹಜ. ಕಾರಿನ ಸಾಧನಗಳನ್ನು ಆ ಜಾಗಕ್ಕೆಂದೇ ಮಾಡಿರುತ್ತಾರೆ. ಕೆಲಸದ ಕರೆಗಳು ಒಂದರ ಹಿಂದೊಂದು ಬರುವವರಿಗೂ, ಸಣ್ಣ ಅಕ್ಷರ ಕಾಣದ ಹಿರಿಯರಿಗೂ ಬೇರೆ ಸ್ಕ್ರೀನ್ ನೆಮ್ಮದಿ ಕೊಡುತ್ತದೆ. ಅಮೆರಿಕ, ಕೆನಡಾದಲ್ಲಿರುವ ನಮ್ಮವರು ಯೊಸೆಮಿಟಿ, ಡೆತ್ ವ್ಯಾಲಿಯಂಥ ರಾಷ್ಟ್ರೀಯ ಉದ್ಯಾನಗಳಿಗೆ ಹೋದಾಗ ಮೈಲುಗಟ್ಟಲೆ ನೆಟ್‌ವರ್ಕ್ ಇರುವುದಿಲ್ಲ. ಅಲ್ಲೂ ಇದು ಕೆಲಸಕ್ಕೆ ಬರುತ್ತದೆ.

ಮೊದಲು ನಕ್ಷೆ, ಆಮೇಲೆ ಡಬ್ಬಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಫೋನಿನ ಮ್ಯಾಪ್ ಬಹುಪಾಲು ಇಂಟರ್ನೆಟ್‌ನಿಂದ ಆಗಿಂದಾಗ್ಗೆ ಬರುತ್ತದೆ. ಪೋರ್ಟಬಲ್ ಸಾಧನದಲ್ಲಿ ಇಡೀ ದೇಶದ ನಕ್ಷೆ ಒಳಗೇ ತುಂಬಿರುತ್ತದೆ. ಅದೇ ಅದರ ಬಲ. ದೌರ್ಬಲ್ಯವೂ ಅದೇ. ತುಂಬಿದ ದಿನದ ನಂತರ ಬಂದ ಬೈಪಾಸ್, ಒನ್‌ವೇ, ಅಂಡರ್‌ಪಾಸ್ ಯಾವುದೂ ಅದಕ್ಕೆ ಗೊತ್ತಿರುವುದಿಲ್ಲ. ಹೋದ ವರ್ಷದ ಪಂಚಾಂಗ ಹಿಡಿದು ಈ ವರ್ಷದ ಹಬ್ಬ ಹುಡುಕಿದಂತೆ ಆಗುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸ್ಕ್ರೀನಿನ ಅಳತೆ ಅಲ್ಲ. ಒಳಗಿರುವುದು ಯಾವ ದೇಶದ ನಕ್ಷೆ? ಅದು ಯಾವಾಗಿನದು? ಹೊಸದು ವರ್ಷಕ್ಕೆ ಎಷ್ಟು ಸಲ ಬರುತ್ತದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕಾ? "ಲೈಫ್‌ಟೈಮ್ ಮ್ಯಾಪ್" ಎಂದು ಬರೆದಿದ್ದರೆ ಖುಷಿಪಡುವ ಮುಂಚೆ ಸಣ್ಣ ಅಕ್ಷರ ಓದಿ. ಆ ಲೈಫ್ ನಿಮ್ಮದಲ್ಲ, ಸಾಧನದ್ದು. ಕಂಪನಿ ಆ ಮಾದರಿಗೆ ನಕ್ಷೆ ಕೊಡುವುದನ್ನು ನಿಲ್ಲಿಸಿದರೆ ಅಲ್ಲಿಗೆ ಮುಗಿಯಿತು. ನಕ್ಷೆಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತವೆ. ಮೆಮೊರಿ ಕಡಿಮೆ ಇದ್ದರೆ ಹೊಸದು ಹಿಡಿಸುವುದೇ ಇಲ್ಲ. ಮೆಮೊರಿ ಕಾರ್ಡಿಗೆ ಜಾಗ ಇದೆಯಾ ನೋಡಿ.

ಎರಡನೆಯದು, ಹುಡುಕುವ ಬಗೆ. ನಮ್ಮ ವಿಳಾಸಗಳು "ಗಣಪತಿ ದೇವಸ್ಥಾನದ ಹಿಂದೆ, ನೀರಿನ ಟ್ಯಾಂಕ್ ಎದುರು" ಎಂದಿರುತ್ತವೆ. ಸಾಧನ ಕೇಳುವುದು ಮನೆ ನಂಬರು, ರಸ್ತೆ, ಊರು. ಹೆಸರುಗಳದ್ದೂ ಒಂದು ಕಥೆ. 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ನಕ್ಷೆಯ ಸಾಧನದಲ್ಲಿ "ವಿಜಯಪುರ" ಎಂದು ಹಾಕಿದರೆ ದೇವನಹಳ್ಳಿ ಪಕ್ಕದ ವಿಜಯಪುರ ಮಾತ್ರ ಸಿಗಬಹುದು. ಗೋಲಗುಂಬಜ್ ನೋಡಲು ಹೊರಟವರು ರೇಷ್ಮೆ ಮಾರುಕಟ್ಟೆಯ ಊರಿಗೆ ಬಂದು ನಿಲ್ಲುತ್ತಾರೆ. ಹೊಸಹಳ್ಳಿ, ರಾಮಪುರ ಎನ್ನುವ ಊರುಗಳಂತೂ ಎಷ್ಟಿವೆಯೋ. ತಾಲ್ಲೂಕು, ಜಿಲ್ಲೆ ತೋರಿಸಿ ಆರಿಸಲು ಬಿಡುವ ಸಾಧನ ನಮಗೆ ಬೇಕು.

ಇದಕ್ಕೆಲ್ಲ ಪಕ್ಕಾ ಪರಿಹಾರ ಎಂದರೆ ಅಕ್ಷಾಂಶ, ರೇಖಾಂಶವನ್ನೇ ಹಾಕುವುದು. ಬೆಂಗಳೂರು ಎಂದರೆ ಸುಮಾರು 12.97 ಉತ್ತರ, 77.59 ಪೂರ್ವ. ಆತಿಥೇಯರು ಫೋನಿನಲ್ಲಿ ಕಳಿಸಿದ ಜಾಗದಿಂದ ಈ ಅಂಕಿ ಸಿಗುತ್ತದೆ. ಒಂದೇ ಒಂದು ಎಚ್ಚರಿಕೆ: 12.97 ಎಂದರೆ 12 ಡಿಗ್ರಿ 97 ನಿಮಿಷ ಅಲ್ಲ. ಗಂಟೆಯ ಹಾಗೆ ಒಂದು ಡಿಗ್ರಿಗೆ 60 ನಿಮಿಷ. ಅದು 12 ಡಿಗ್ರಿ 58 ನಿಮಿಷ ಆಗುತ್ತದೆ. ಸಾಧನ ಯಾವ ರೀತಿಯಲ್ಲಿ ಕೇಳುತ್ತಿದೆ ಎಂದು ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಿ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಕೂಡ ಇದೇ ಅಕ್ಷಾಂಶ, ರೇಖಾಂಶದಿಂದ ಹುಟ್ಟಿದ ಹತ್ತು ಅಕ್ಷರದ ಗುರುತು. ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಪ್ರತಿ ಚೌಕಕ್ಕೂ ಒಂದೊಂದು. ಅದು ಬರುವ ಮುಂಚಿನ ಸಾಧನಕ್ಕೆ ಅದು ತಿಳಿಯುವುದಿಲ್ಲ.

ಕನ್ನಡದ ಮಾತು? ಗೂಗಲ್ ಮ್ಯಾಪಿನಲ್ಲಿ ಕನ್ನಡದಲ್ಲಿ ದಾರಿ ಕೇಳಿಸಿಕೊಳ್ಳಬಹುದು. ಬೇರೆ ಸಾಧನ ಕೊಳ್ಳುವಾಗ ಭಾಷೆಗಳ ಪಟ್ಟಿಯನ್ನು ಅಂಗಡಿಯಲ್ಲೇ ತೆರೆಸಿ ನೋಡಿ. ಮನೆಯಲ್ಲಿ ಎಲ್ಲರೂ ಬಳಸುವ ಕಾರಾದರೆ ಇದು ಸಣ್ಣ ವಿಷಯವಲ್ಲ.

ದಾರಿಯನ್ನು ಅದು ಹೇಗೆ ಆರಿಸುತ್ತದೆ?

ಸಾಧನಕ್ಕೆ ಊರು, ಕೂಡುರಸ್ತೆಗಳು ಚುಕ್ಕೆಗಳು. ರಸ್ತೆಗಳು ಅವನ್ನು ಸೇರಿಸುವ ಗೆರೆಗಳು. ರಂಗೋಲಿಯ ಹಾಗೆ. ಪ್ರತಿ ಗೆರೆಗೂ ಒಂದು ಬೆಲೆ ಇರುತ್ತದೆ: ಇಷ್ಟು ಕಿಲೋಮೀಟರ್, ಇಷ್ಟು ನಿಮಿಷ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಒಟ್ಟು ಬೆಲೆ ಕಡಿಮೆಯಾಗುವ ದಾರಿಯನ್ನು ಅದು ಲೆಕ್ಕ ಹಾಕುತ್ತದೆ. ಈ ಲೆಕ್ಕದ ಬುನಾದಿ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನ.

ಬೆಲೆ ಯಾವುದು ಎನ್ನುವುದನ್ನು ನೀವೇ ಹೇಳಬೇಕು. ಬೇಗ ತಲುಪಬೇಕಾ, ದೂರ ಕಡಿಮೆ ಆಗಬೇಕಾ? ಒಮ್ಮೆ ಶೃಂಗೇರಿ ಕಡೆ ಮದುವೆಗೆ ಹೋಗುವಾಗ ನನ್ನ ಸಾಧನದಲ್ಲಿ "ಕಡಿಮೆ ದೂರ" ಎಂದಿತ್ತು. ಅದು ನಾಲ್ಕು ಕಿಲೋಮೀಟರ್ ಉಳಿಸಲು ತೋಟದ ದಾರಿ ಹಿಡಿಸಿತು. ಡಾಂಬರು ಮುಗಿದು, ಜಲ್ಲಿ ಮುಗಿದು, ಕೊನೆಗೆ ಬರೀ ಕೆಸರು. ಅಡಿಕೆ ಹೆಕ್ಕುತ್ತಿದ್ದ ಹಿರಿಯರೊಬ್ಬರು, "ಮುಂದೆ ಜೀಪೂ ಹೋಗಲ್ಲ ಮಾರಾಯ್ರೆ, ತಿರುಗಿಸಿಕೊಳ್ಳಿ" ಎಂದರು. ಸಾಧನ ಲೆಕ್ಕ ತಪ್ಪಿರಲಿಲ್ಲ. ನಾನು ಕೇಳಿದ್ದನ್ನೇ ಕೊಟ್ಟಿತ್ತು. "ಬೇಗ ತಲುಪುವ ದಾರಿ" ಎಂದು ಆರಿಸಿ, "ಕಚ್ಚಾ ರಸ್ತೆ ಬೇಡ" ಎನ್ನುವ ಆಯ್ಕೆಯೂ ಇದ್ದರೆ ಒತ್ತಿಬಿಡಿ.

ಕೆಲವು ವಿಷಯ ನಕ್ಷೆಗೆ ಗೊತ್ತೇ ಇರುವುದಿಲ್ಲ. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ರಾತ್ರಿ 10ಕ್ಕೆ ಗುಂಡ್ಲುಪೇಟೆಯಲ್ಲಿ ನಿಂತು ಕೇಳಿದರೂ ಒಳಗೆ ತುಂಬಿದ ನಕ್ಷೆ ಅದೇ ದಾರಿ ತೋರಿಸಬಹುದು. ಇದಕ್ಕಿಂತ ಭೀಕರವಾದದ್ದು 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ನಡೆಯಿತು. ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅವರು ಮ್ಯಾಪ್ ನೋಡಿಕೊಂಡು ಹೋಗುತ್ತಿದ್ದರು ಎಂದು ವರದಿಯಾಯಿತು. ಉಪಗ್ರಹಕ್ಕೆ ಕಾರು ಕಾಣುವುದಿಲ್ಲ, ನಕ್ಷೆಗೆ ಸೇತುವೆಯ ತುದಿ ಕಾಣುವುದಿಲ್ಲ. ಎರಡೂ ಕಾಣುವುದು ಓಡಿಸುವವರ ಕಣ್ಣಿಗೆ ಮಾತ್ರ. ರಾತ್ರಿ, ಮಳೆ, ಗೊತ್ತಿಲ್ಲದ ಹಳ್ಳಿ ರಸ್ತೆ ಮೂರೂ ಒಟ್ಟಿಗೆ ಬಂದರೆ ಹೆದ್ದಾರಿ ಬಿಡಬೇಡಿ.

ಸ್ಕ್ರೀನ್, ಬ್ಯಾಟರಿ, ಹೋಲ್ಡರ್

ಸ್ಕ್ರೀನ್ 5 ಅಥವಾ 6 ಇಂಚು ಸಣ್ಣ ಕಾರಿಗೆ ಸಾಕು. 7, 8 ಇಂಚಿನದು ಗಾಜಿನ ಮೂಲೆಯಲ್ಲಿ ಬೈಕ್ ಸವಾರನನ್ನೇ ಮರೆಮಾಡುತ್ತದೆ. ಬಿಸಿಲಿಗೆ ಹಿಡಿದು ನೋಡಿ ತಗೊಳ್ಳಿ. ಬ್ಯಾಟರಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ಸಾಧನಗಳು ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿಕೊಂಡೇ ಓಡುತ್ತವೆ. ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಒಂದೆರಡು ಗಂಟೆ ಬಂದರೆ ಹೆಚ್ಚು.

ಅದನ್ನು ನೋಟಕ್ಕೆ ಅಡ್ಡ ಬರದ ಹಾಗೆ ಕೂರಿಸಬೇಕು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ ಪ್ರಕಾರ, ಕೈಯಲ್ಲಿ ಹಿಡಿಯುವ ಸಾಧನವನ್ನು ಓಡಿಸುವಾಗ ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದಂತೆ. ಊರಿನ ಹೆಸರು ಹಾಕುವುದೆಲ್ಲ ಕಾರು ಹೊರಡುವ ಮುಂಚೆ ಆಗಿರಲಿ.

ಹಳೆಯದು, ಹೊರದೇಶದ್ದು

"ಅಮೆರಿಕದಿಂದ ಮಗ ತಂದುಕೊಟ್ಟ, ಚೆನ್ನಾಗಿದೆ" ಎನ್ನುವ ಸಾಧನದಲ್ಲಿ ಅಮೆರಿಕದ ನಕ್ಷೆ ಮಾತ್ರ ಇರಬಹುದು. ಆಗ ದಾವಣಗೆರೆಯಲ್ಲಿ ಅದು ಶಿರಾಡಿಯ ಬೂದು ಸ್ಕ್ರೀನೇ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ನೆಟ್‌ವರ್ಕ್ ಇಲ್ಲದ ಕಡೆಯಿಂದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳು ಹೊರದೇಶಗಳಲ್ಲಿ ಸಲೀಸಾಗಿ ಸಿಗುತ್ತವೆ. ಗಾರ್ಮಿನ್ ಇನ್‌ರೀಚ್ ಅಂಥದ್ದು. ಪರವಾನಗಿ ಇಲ್ಲದೆ ಅದನ್ನು ಭಾರತಕ್ಕೆ ತರುವುದು ಅಪರಾಧ. ಇದಕ್ಕಾಗಿ ವಿಮಾನ ನಿಲ್ದಾಣದಲ್ಲಿ ಪ್ರವಾಸಿಗರನ್ನು ಹಿಡಿದದ್ದುಂಟು. ಬರೀ ಕೇಳಿಸಿಕೊಳ್ಳುವ ಕಾರಿನ ನ್ಯಾವಿಗೇಟರೇ ಬೇರೆ, ತಿರುಗಿ ಮಾತಾಡುವ ಈ ಸಾಧನವೇ ಬೇರೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೊದಲು ದಿನಾಂಕ ನೋಡಿ. ಹಳೆಯ ಜಿಪಿಎಸ್ ಸಂಕೇತ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಸುಮಾರು 20 ವರ್ಷಕ್ಕೊಮ್ಮೆ ಹೀಗಾಗುತ್ತದೆ. ಕೊನೆಯ ಸಲ ಆಗಿದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೆ ಸಿದ್ಧವಾಗಿರದ ಸಾಧನಗಳು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ. ತಲುಪುವ ಹೊತ್ತಿನ ಲೆಕ್ಕವನ್ನೂ ಕೆಡಿಸಬಹುದು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಸಾಧನ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷ ತಗೊಂಡರೆ ಅದು ದೋಷ ಅಲ್ಲ. ಫೋನಾದರೆ ಉಪಗ್ರಹಗಳ ಪಟ್ಟಿಯನ್ನು ಇಂಟರ್ನೆಟ್‌ನಿಂದ ತಕ್ಷಣ ತರಿಸಿಕೊಳ್ಳುತ್ತದೆ. ಇದು ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಬಯಲಿನಲ್ಲಿ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಬಿಡಿ.

ಕೊಳ್ಳುವ ಮುಂಚಿನ ಭಾನುವಾರ

ದುಡ್ಡು ಕೊಡುವ ಮುಂಚೆ ಒಂದು ಪ್ರಯೋಗ ಮಾಡಿ. ಮನೆಯ ವೈಫೈನಲ್ಲಿ ನಿಮ್ಮ ಜಿಲ್ಲೆಯ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಒಳ್ಳೆಯ ಹೋಲ್ಡರಿನಲ್ಲಿ ಕೂರಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಊರಿಗೆ, ಅಜ್ಜಿ ಮನೆಗೋ ಮಾವನ ಮನೆಗೋ, ಅದು ಹೇಳಿದ ಹಾಗೆ ಹೋಗಿ. ಹೆದ್ದಾರಿಯಲ್ಲಿ ಎಲ್ಲವೂ ಸರಿ ಹೇಳುತ್ತವೆ. ಪರೀಕ್ಷೆ ಇರುವುದು ಹೆದ್ದಾರಿ ಬಿಟ್ಟ ಮೇಲಿನ ಕೊನೆಯ ಐದು ಕಿಲೋಮೀಟರಿನಲ್ಲಿ. ಅಲ್ಲಿ ಫೋನ್ ಗೆದ್ದರೆ ದುಡ್ಡು ಉಳಿಯಿತು. ಬಿಸಿಯಾಗಿ ನಿಂತರೆ, ಅಕ್ಷರ ಕಾಣದಿದ್ದರೆ ಬೇರೆ ಸಾಧನ ನೋಡಿ, ಅದನ್ನೂ ಇದೇ ಐದು ಕಿಲೋಮೀಟರಿನಲ್ಲಿ ಓಡಿಸಿ ನೋಡಿ.

ನಕ್ಷೆಯಲ್ಲೇ ರಸ್ತೆ ಇಲ್ಲದಿದ್ದರೆ? ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್ಎಂಆ್ಯಂಡ್ ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು. 2004ರಿಂದ ಸಾಮಾನ್ಯ ಜನರೇ ಸೇರಿ ಬರೆಯುತ್ತಿರುವ ನಕ್ಷೆ ಅದು. ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು. ನಿಮ್ಮ ಊರಿನ ಹೊಸ ಸೇತುವೆ, ಕೆರೆ ಏರಿಯ ಮೇಲಿನ ರಸ್ತೆ, ಊರಿನ ಹೆಸರು ಎಲ್ಲವನ್ನೂ ಸೇರಿಸಬಹುದು. ಹೆಸರನ್ನು ಕನ್ನಡದಲ್ಲಿ ಬರೆಯಲು ಅಲ್ಲಿ ಬೇರೆ ಜಾಗವೇ ಇದೆ.